ಸಾಂತಾಕ್ರೂಜಿನ ಥೈಮಸ್ ಸೇನಾಪತಿ

ಸಾಂತಾಕ್ರೂಜ್ ಪೂರ್ವದ ಹೌಸಿಂಗ್ ಸೊಸೈಟಿಯೊಂದರ ಹಿಂದೆ ಅಂಗೈಯಗಲದ ಒಂದು ಉದ್ಯಾನವಿದೆ. ವಿಮಾನಗಳು ಅದರ ನೆತ್ತಿಯನ್ನು ಸವರಿಕೊಂಡೇ ಇಳಿಯುತ್ತವೆ. ಬೆಳಗಿನ ಹೊತ್ತು ಕಿಟಕಿ ಪಕ್ಕ ಕುಳಿತ ಪ್ರಯಾಣಿಕರು ಕೆಳಗೆ ಕಣ್ಣು ಹಾಯಿಸಿದ್ದರೆ, ಬನಿಯನ್ ಮತ್ತು ಬಿಳಿ ಶೂ ತೊಟ್ಟ ಹಿರಿಯ ನಾಗರಿಕರು ಸಾಲಾಗಿ ನಿಂತು ತಮ್ಮ ತಮ್ಮ ಎದೆಯನ್ನು ಗುದ್ದಿಕೊಳ್ಳುತ್ತಿರುವುದು ಕಾಣಿಸುತ್ತಿತ್ತು. ಪಾಪ, ಯಾರೋ ಹತ್ತಿರದವರು ತೀರಿಕೊಂಡಿರಬೇಕೆಂದು ಅವರು ಮರುಗಿರಲೂಬಹುದು. ತೀರಿಕೊಂಡವರು ಯಾರೂ ಇರಲಿಲ್ಲ. ಅದು ಸತ್ಯಮೂರ್ತಿಯವರ ಥೈಮಸ್ ಸೇನೆಯ ದಿನನಿತ್ಯದ ಕವಾಯತು.

ಸೇನಾಪತಿ ಸತ್ಯಮೂರ್ತಿಯವರು ನಂಜನಗೂಡಿನ ಕಡೆಯವರು. ವಿಮಾ ಕಚೇರಿಯೊಂದರಲ್ಲಿ ಕುರ್ಚಿ ಸವೆಸಿ, ನಿವೃತ್ತರಾದ ಮಾರನೆಯ ದಿನವೇ ವೈದ್ಯಶಾಸ್ತ್ರದ ಮೇಲೆ ದಂಡೆತ್ತಿ ಹೋದವರು. ಮೊದಲು ಯಕೃತ್ತು ಅವರಿಗೆ ಶರಣಾಯಿತು. ಆಮೇಲೆ ಮೂತ್ರಪಿಂಡಗಳು ಎರಡೂ ಒಟ್ಟಿಗೆ ಕಪ್ಪ ಒಪ್ಪಿಸಿದವು. ಬೆಳಗ್ಗೆ ಇಂಗ್ಲಿಷ್ ಪತ್ರಿಕೆಯಲ್ಲಿ ಸಣ್ಣಗೆ ಅಚ್ಚಾದ ಸಂಗತಿ ಸಂಜೆಯೊಳಗೆ ಕನ್ನಡವಾಗಿ, ಒಗ್ಗರಣೆ ಹಾಕಿಸಿಕೊಂಡು, ಕನ್ನಡ ಸಂಘದ ವಾಟ್ಸಾಪ್ ಗುಂಪಿಗೆ ಬಂದು ಬೀಳುತ್ತಿತ್ತು. ಅದನ್ನು ಓದಿ ಸಂಘದ ಅರ್ಧ ಜನ ಹಾಲು ಬಿಟ್ಟರು, ಇನ್ನರ್ಧ ಜನ ಹಾಗಲಕಾಯಿ ಹಿಡಿದರು.

ಹೀಗಿರುವಾಗ ಎದೆಮೂಳೆಯ ಹಿಂದೆ, ಯಾರ ತಂಟೆಗೂ ಹೋಗದೆ ಕುಳಿತಿದ್ದ ಥೈಮಸ್ ಗ್ರಂಥಿ ಅವರ ಕೈಗೆ ಸಿಕ್ಕಿತು.

ಅದರ ಮೇಲೆ ಅವರು ಮಾಡಿದ ಉಪನ್ಯಾಸ ನಿಜಕ್ಕೂ ಚೆನ್ನಾಗಿತ್ತು. ಮೈಯನ್ನು ಕಾಯುವ ಬಿಳಿ ಕಣಗಳು ಹುಟ್ಟುವಾಗ ಶುದ್ಧ ಪೆದ್ದರಂತೆ. ಥೈಮಸ್ ಎಂಬುದು ಒಂದು ಪಾಠಶಾಲೆ. ಅದು ಆ ಪೆದ್ದರನ್ನು ಸೇರಿಸಿಕೊಂಡು, ತನ್ನವರು ಯಾರು, ಹೊರಗಿನ ಶತ್ರು ಯಾರು ಎಂದು ತಿದ್ದಿ ಕಲಿಸುತ್ತದೆ. ಪಾಠ ಹೇಳಲು ತನ್ನದೇ ಹಾರ್ಮೋನುಗಳನ್ನು ಸುರಿಸುತ್ತದೆ. ತೇರ್ಗಡೆಯಾದವರು ಮೈತುಂಬ ಕಾವಲು ತಿರುಗುತ್ತಾರೆ. ಫೇಲಾದವರನ್ನು ಅಲ್ಲೇ ಮುಗಿಸಲಾಗುತ್ತದೆ. ಇಷ್ಟೂ ನಿಜ. ಇದರ ಮುಂದಿನದು ಸತ್ಯಮೂರ್ತಿಯವರ ಸ್ವಂತ ಕೊಡುಗೆ. ವಯಸ್ಸಾದಂತೆ ಶಾಲೆಯ ಮೇಷ್ಟ್ರು ತೂಕಡಿಸುತ್ತಾರೆ; ಬೆಳಗ್ಗೆ ಎದ್ದು ಎದೆಗೆ ನಾಲ್ಕು ಗುದ್ದಿದರೆ ಧಡಕ್ಕನೆ ಎದ್ದು ಕೂರುತ್ತಾರೆ. ಸಾಲದ್ದಕ್ಕೆ ಥೈಮಸ್ಸಿನ ಸಾರವೇ ತುಂಬಿದ ಕ್ಯಾಪ್ಸೂಲ್ ಆನ್‌ಲೈನಿನಲ್ಲಿ ಸಿಗುತ್ತದೆ, ಅದನ್ನೂ ನುಂಗಬೇಕು. ತಾವು ಮಾತ್ರ ದಿನಾ ಸಂಧ್ಯಾವಂದನೆ ಮುಗಿಸಿ, ಪಂಚಪಾತ್ರೆಯ ನೀರಿನಲ್ಲೇ ಅದನ್ನು ಭಕ್ತಿಯಿಂದ ನುಂಗುತ್ತಿದ್ದರು.

ಅವರ ಹೆಂಡತಿ ಸುಬ್ಬಲಕ್ಷ್ಮಿಯವರು ಈ ಸೇನೆಗೆ ಸೇರಲಿಲ್ಲ. ಕವಾಯತು ಮುಗಿಸಿ ಬಂದ ಗಂಡನ ಕೈಗೆ ತೆಂಗಿನಕಾಯಿ ಕೊಟ್ಟು, "ಗುದ್ದೋದು ಅಭ್ಯಾಸ ಆಗಿದೆಯಲ್ಲ, ಇದನ್ನೂ ಒಂದು ಗುದ್ದಿ ಒಡೆದುಕೊಡಿ. ಚಟ್ನಿಗಾದ್ರೂ ಆಗುತ್ತೆ" ಎನ್ನುತ್ತಿದ್ದರು.

ಆದರೆ ಜಗತ್ತು ಹೆಂಡತಿಯಷ್ಟು ಕುರುಡಲ್ಲ. ಸಂಘದ ಕಾರ್ಯದರ್ಶಿ ಧರ್ಮಣ್ಣನವರು, ಬರುವ ರಾಜ್ಯೋತ್ಸವದಲ್ಲಿ ಸತ್ಯಮೂರ್ತಿಯವರಿಗೆ ಮೈಸೂರು ಪೇಟ ತೊಡಿಸಿ, ಶಾಲು ಹೊದಿಸಿ, 'ಆರೋಗ್ಯ ರತ್ನ' ಎಂಬ ಬಿರುದು ಕೊಡುವುದೆಂದು ಸಭೆಯಲ್ಲಿ ಒಪ್ಪಿಗೆ ಪಡೆದರು. ಪೇಟಕ್ಕೆ ತಲೆಯ ಅಳತೆಯನ್ನೂ ತೆಗೆದುಕೊಂಡು ಹೋದರು.

ಈ ಕೀರ್ತಿಯ ಹೊಗೆ ಭಾಂಡುಪಿನ ಶೆಟ್ಟೆಪ್ಪನವರೆಗೂ ಹಬ್ಬಿತ್ತು. ಶೆಟ್ಟೆಪ್ಪ ವಿಜಯಪುರ ಜಿಲ್ಲೆಯವನು. ಹಿಂದೆ ಭಾಂಡುಪಿನ ಕಾರ್ಖಾನೆಯೊಂದರಲ್ಲಿದ್ದ. ಅದು ಮುಚ್ಚಿದ ಮೇಲೆ, ಹೆಂಡತಿ ಬಸಲಿಂಗವ್ವ ಬಡಿದ ಖಡಕ್ ರೊಟ್ಟಿ, ಕುಟ್ಟಿದ ಶೇಂಗಾ ಹಿಂಡಿ ಎಂಬ ಚಟ್ನಿಪುಡಿಯನ್ನು ಚೀಲದಲ್ಲಿ ತುಂಬಿಕೊಂಡು, ಲೋಕಲ್ ಹತ್ತಿ, ಪಶ್ಚಿಮದ ಉಪನಗರಗಳ ಕನ್ನಡ ಮನೆಗಳಿಗೆ ಕೊಟ್ಟು ಬರುತ್ತಿದ್ದ. ಸತ್ಯಮೂರ್ತಿಯವರ ಮನೆಯೂ ಅವನ ದಾರಿಯಲ್ಲಿತ್ತು.

ಒಂದು ಮಧ್ಯಾಹ್ನ ಅವನು ರೊಟ್ಟಿಯ ಜೊತೆ ಮೊಮ್ಮಗಳು ಸ್ನೇಹಲ್‌ಳನ್ನೂ ಕರೆದುಕೊಂಡು ಬಂದ. ಐದನೆಯ ಕ್ಲಾಸಿನ ಹುಡುಗಿ. ಎರಡು ಜಡೆ, ಬಹಳ ನೋಡುವ ಕಣ್ಣು. ಸುಬ್ಬಲಕ್ಷ್ಮಿಯವರು ಭಜನೆಗೆ ಹೋಗಿದ್ದರು. ಶೆಟ್ಟೆಪ್ಪ ಬಾಗಿಲು ಮುಂದೆ ಮಾಡಿ, ಚಪ್ಪಲಿಯ ಪಕ್ಕದಲ್ಲೇ ನಿಂತು, ಯಾರಿಗೂ ಹೇಳದ್ದನ್ನು ಹೇಳಿದ. ಸ್ನೇಹಲ್‌ಳ ಅಪ್ಪ ಅವ್ವ ಇಬ್ಬರೂ ಏಡ್ಸಿನಲ್ಲಿ ಹೋದವರು. ಅದರ ವೈರಸ್ಸು ಹುಟ್ಟುವಾಗಲೇ ಹುಡುಗಿಗೂ ಬಂದಿತ್ತು. ಸರ್ಕಾರಿ ಆಸ್ಪತ್ರೆಯವರು ಕೊಡುವ ಗುಳಿಗೆಯ ಬಲದಿಂದ ಅವಳು ಎಲ್ಲ ಮಕ್ಕಳಂತೆ ಆಡಿಕೊಂಡಿದ್ದಳು. ಶಾಲೆಗೂ ಗೊತ್ತಿಲ್ಲ, ನೆರೆಮನೆಗೂ ಗೊತ್ತಿಲ್ಲ.

"ಹುಡುಗಿ ಆರಾಮ ಐತ್ರಿ ಸಾಹೇಬ್ರ. ಆದ್ರ ಗುಳಿಗಿ ಒಂದಿನಾನೂ ಬಿಡಾಂಗಿಲ್ಲ ಅಂತಾರ. ನಾಳೆ ದೊಡ್ಡಾಕಿ ಆಗ್ತಾಳ, ಲಗ್ನ ಆಗಬೇಕು. ಜೀವ ಇರೂತನಾ ಇದನ್ನ ನುಂಗಕೋತ ಹೋಗೂದೇನ್ರಿ? ನೀವು ಹೇಳೂ ಆ ಎದಿಯೊಳಗಿನ ಶಾಲಿ, ಅದನ್ನ ರಿಪೇರಿ ಮಾಡಿದ್ರ ಆಗಾಂಗಿಲ್ಲೇನ್ರಿ?"

ಸತ್ಯಮೂರ್ತಿಯವರ ಕಣ್ಣು ತುಂಬಿ ಬಂತು. ಅವರು ಕೆಟ್ಟವರಲ್ಲ; ಕೆಟ್ಟವರಾಗಿದ್ದರೆ ಇಷ್ಟು ಹಾನಿ ಆಗುತ್ತಿರಲಿಲ್ಲ. ಒಳಗೆ ಹೋಗಿ ತಮ್ಮದೇ ಕ್ಯಾಪ್ಸೂಲಿನ ಹೊಸ ಬಾಟಲಿ ತಂದು ಶೆಟ್ಟೆಪ್ಪನ ಅಂಗೈಯಲ್ಲಿಟ್ಟು, ಏಡ್ಸ್ ಬಂದ ಮಕ್ಕಳಲ್ಲಿ ಥೈಮಸ್ ಸೊರಗುವುದನ್ನು ತಾವು ಓದಿರುವುದಾಗಿಯೂ, ಹಿಂದೆ ಅದರ ಹಾರ್ಮೋನನ್ನೇ ಔಷಧಿಯಾಗಿ ಕೊಟ್ಟು ನೋಡಿದ್ದರೆಂದೂ ಹೇಳಿದರು. ಓದಿದ್ದು ಸುಳ್ಳಲ್ಲ. ಕೊಟ್ಟು ನೋಡಿದ ಮೇಲೆ ಏನಾಯಿತು ಎಂಬುದು ಮುಂದಿನ ಪುಟದಲ್ಲಿತ್ತು. ಆ ಪುಟವನ್ನು ಅವರು ತಿರುಗಿಸಿರಲಿಲ್ಲ.

ಶೆಟ್ಟೆಪ್ಪ ಬಾಟಲಿಯನ್ನು ಹಣೆಗೆ ಒತ್ತಿಕೊಂಡ. ಆಮೇಲೆ ಕೇಳಿದ. "ದವಾಖಾನಿ ಗುಳಿಗೀನೂ ಇದನ್ನೂ ಕೂಡೇ ಕೊಡಬಹುದೇನ್ರಿ?"

ಈ ಪ್ರಶ್ನೆಗೆ ಯಾವ ಪತ್ರಿಕೆಯೂ ಉತ್ತರ ಬರೆದಿರಲಿಲ್ಲ. ಆದರೆ ಸೇನಾಪತಿಗಳು ಉತ್ತರವಿಲ್ಲದೆ ನಿಲ್ಲುವಂತಿಲ್ಲ. ಇಂಗ್ಲಿಷ್ ಕೈಕೊಟ್ಟ ಆ ಗಳಿಗೆಯಲ್ಲಿ ಅವರ ನೆರವಿಗೆ ಓಡಿ ಬಂದದ್ದು ನಂಜನಗೂಡಿನ ಅಜ್ಜಿಯ ಹಳೆಯ ಮಾತು. ನಾಟಿ ಮದ್ದಿನ ಮೇಲೆ ಬೇರೆ ಮದ್ದು ಬೀಳಬಾರದು, ಮದ್ದು ಮದ್ದನ್ನು ಮುರಿಯುತ್ತೆ, ಒಂದು ಮಂಡಲ, ನಲವತ್ತೆಂಟು ದಿನ, ಪಥ್ಯ ಹಿಡಿಯಬೇಕು. ಎಲ್ಲೋ ಪರದೇಶದ ಕಾರ್ಖಾನೆಯಲ್ಲಿ ತಯಾರಾದ ಹಾರ್ಮೋನ್ ಕ್ಯಾಪ್ಸೂಲಿಗೆ ಹೀಗೆ ಸಾಂತಾಕ್ರೂಜಿನಲ್ಲಿ ಅಜ್ಜಿಯ ಪಥ್ಯ ಗಂಟುಬಿತ್ತು.

"ಒಂದು ಮಂಡಲ ಇದೊಂದೇ ನಡೀಲಿ ಶೆಟ್ಟೆಪ್ಪ. ಹುಳಿ, ಬದನೆಕಾಯಿ ಮುಟ್ಟಿಸಬೇಡಿ. ಆಮೇಲೆ ನೋಡೋಣ."

ಸೋಫಾದ ಅಂಚಿನಲ್ಲಿ ಕುಳಿತಿದ್ದ ಹುಡುಗಿ ಅಷ್ಟರಲ್ಲಿ ಬಾಯಿ ಹಾಕಿತು. "ಲೇಕಿನ್ ಅಜ್ಜಾ, ದವಾಖಾನಿ ಆಂಟಿ ಹೇಳ್ಯಾರ, ನನ್ನ ರಕ್ತದಾಗ ಕೀಡೆ ಮಲಗ್ಯಾವ ಅಂತ. ಗೋಲಿ ಬಿಟ್ರ ಏಳತಾವಂತ."

ಸತ್ಯಮೂರ್ತಿಯವರು ನಕ್ಕು, ಹುಳ ಗಿಳ ಏನೂ ಇಲ್ಲವೆಂದೂ, ಅದೆಲ್ಲ ಚಿಕ್ಕ ಮಕ್ಕಳಿಗೆ ಹೇಳುವ ಕಥೆಯೆಂದೂ ಅವಳ ತಲೆ ಸವರಿದರು. ಆ ಗುಟ್ಟನ್ನು ಮಾತ್ರ ಅವರು ಪ್ರಾಣದಂತೆ ಕಾಪಾಡಿದರು. ಹೆಂಡತಿಗೂ ಹೇಳಲಿಲ್ಲ. ದಿನಾ ನಾಲ್ಕು ಸಂಗತಿ ಹರಡದೆ ಉಂಡ ಅನ್ನ ಕರಗದ ಮನುಷ್ಯನಿಗೆ ಇದು ಸಣ್ಣ ತಪಸ್ಸಲ್ಲ.

ಮಳೆಗಾಲ ಮುಗಿಯುತ್ತಾ ಬಂದಿತ್ತು. ಒಂದು ಭಾನುವಾರ ಅಂಧೇರಿಯಿಂದ ಮಗಳು ಧಾತ್ರಿ ಬಂದಳು. ಅವಳಿಗೆ ಯಾವ ಡಬ್ಬಿ ಸಿಕ್ಕರೂ ತಿರುಗಿಸಿ ಹಿಂಬದಿ ಓದುವ ಚಟ. ದೇವರ ಮನೆಯ ಮೆಟ್ಟಿಲ ಮೇಲೆ ಕುಳಿತು ಅಪ್ಪನ ಬಾಟಲಿಯ ಇರುವೆಯಂಥ ಅಕ್ಷರಗಳನ್ನು ಓದಿ, ಅವಳು ಮೆಲ್ಲಗೆ ಕೇಳಿದಳು.

"ಅಪ್ಪಾ, ಇದು ಕರುವಿನ ಥೈಮಸ್. ಕರೂನ ಕೊಂದು ತೆಗೆದಿದ್ದು. ನಿಮಗೆ ಗೊತ್ತಾ?"

ಆ ಮನೆಯಲ್ಲಿ ಆಮೇಲೆ ನಡೆದದ್ದನ್ನು ವರ್ಣಿಸಲು ಸಾವಿರ ನಾಲಿಗೆ ಬೇಕು. ಸತ್ಯಮೂರ್ತಿಯವರು ಬಚ್ಚಲಿಗೆ ಓಡಿದರು. ಹಿಂದಿನ ತಿಂಗಳುಗಳಲ್ಲಿ ನುಂಗಿದ್ದೆಲ್ಲ ಈಗ ಬರುವುದೇ? ಸುಬ್ಬಲಕ್ಷ್ಮಿಯವರು ಪಂಚಪಾತ್ರೆಗೆ ಹುಣಸೆಹಣ್ಣು ಹಾಕಿ, ತಾಮ್ರ ತೆಳ್ಳಗಾಗುವವರೆಗೆ ಉಜ್ಜಿದರು. ಜನಿವಾರ ಬದಲಾಯಿತು. ಮಾಟುಂಗಾದಿಂದ ಪುರೋಹಿತರು ಬಂದು ಪಂಚಗವ್ಯ ಕೊಟ್ಟರು. ಕರುವನ್ನು ತಿಂದ ಪಾಪ ಕಳೆಯಲು ಅದರ ತಾಯಿಯ ಹಾಲು, ಮೊಸರು, ತುಪ್ಪ, ಗಂಜಲ, ಸೆಗಣಿ ಐದನ್ನೂ ಕುಡಿದ ಸತ್ಯಮೂರ್ತಿಯವರು ಆ ಕುಟುಂಬಕ್ಕೆ ಇನ್ನು ಕೊಡಬೇಕಾದದ್ದು ಏನೂ ಉಳಿದಿಲ್ಲ ಎಂಬ ಮುಖ ಹೊತ್ತು ಎದ್ದರು.

ಎದ್ದವರಿಗೆ ಶೆಟ್ಟೆಪ್ಪ ನೆನಪಾದ. ಕೊರಳಲ್ಲಿ ಲಿಂಗ ಧರಿಸಿದ ಮನೆ. ಮೊಟ್ಟೆಯನ್ನೂ ಒಳಗೆ ಬಿಡದ ಮನೆ. ಅಂಥ ಮನೆಯ ಮಗುವಿನ ಬಾಯಿಗೆ ತಾವು ಕರುವನ್ನು ಹಾಕಿಸಿದ್ದೇವೆ. ನಾಚಿಕೆಯಿಂದ ಅವರ ಕಿವಿ ಬಿಸಿಯಾಯಿತು. ಹುಡುಗಿ ಗುಳಿಗೆ ಬಿಟ್ಟಿದ್ದಾಳೆ ಎಂಬ ಸಂಗತಿ ಆ ಬಿಸಿಯಲ್ಲಿ ಎಲ್ಲೂ ಇರಲಿಲ್ಲ. ಅವರು ನಾಚಿದ್ದು ಕರುವಿಗೆ ಮಾತ್ರ.

ಮರುದಿನವೇ ಹೊರಟರು. ಸಾಂತಾಕ್ರೂಜಿನಿಂದ ದಾದರ್, ದಾದರಿನಲ್ಲಿ ಸೇತುವೆ ಹತ್ತಿಳಿದು ಸೆಂಟ್ರಲ್ ಲೈನಿನ ಸ್ಲೋ ಗಾಡಿ. ದಾರಿಯುದ್ದಕ್ಕೂ ಕ್ಷಮಾಪಣೆಯ ಭಾಷಣವನ್ನು ಮನಸ್ಸಿನಲ್ಲೇ ತಿದ್ದಿದರು. ಕುರ್ಲಾದಲ್ಲಿ ಅದು ಸಾಧಾರಣವಾಗಿತ್ತು, ಘಾಟ್ಕೋಪರದಲ್ಲಿ ಗಂಭೀರವಾಯಿತು, ಭಾಂಡುಪ್ ಬರುವಷ್ಟರಲ್ಲಿ ಕೇಳುವವರೇ ಎದ್ದು ಇವರನ್ನು ಸಮಾಧಾನ ಮಾಡುವಷ್ಟು ಚೆನ್ನಾಗಿತ್ತು.

ಗುಡ್ಡದ ಬುಡದ ಚಾಳಿನಲ್ಲಿ ಶೆಟ್ಟೆಪ್ಪನದು ಒಂದೇ ಖೋಲಿ. ಒಳಗೆ ಕಾಲಿಟ್ಟ ಸತ್ಯಮೂರ್ತಿಯವರಿಗೆ ಮೊದಲು ಕಂಡದ್ದು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ ಸ್ನೇಹಲ್‌ಳ ಬೆನ್ನು. ಜಡೆ ಹಾಕಿರಲಿಲ್ಲ. ಕೆಲವು ವಾರಗಳಿಂದ ಜ್ವರ ಬಿಟ್ಟು ಬಿಟ್ಟು ಬರುತ್ತಿದೆ, ಬಾಯಿಯೊಳಗೆ ಬೆಳ್ಳಗೆ ಪದರ ಕಟ್ಟಿದೆ, ರೊಟ್ಟಿ ಇರಲಿ ಅಂಬಲಿಯೂ ಉರಿಯುತ್ತದೆ ಎಂದು ಬಸಲಿಂಗವ್ವ ಹೇಳಿದಳು. ಗುಳಿಗೆ ಒಯ್ಯಲು ಯಾಕೆ ಬಂದಿಲ್ಲವೆಂದು ದವಾಖಾನೆಯವರು ಫೋನು ಮಾಡಿದ್ದರಂತೆ. ಶೆಟ್ಟೆಪ್ಪ ಊರಿಗೆ ಬಂದಿದ್ದೇವೆಂದು ಸುಳ್ಳು ಹೇಳಿದ್ದನಂತೆ.

"ಮಂಡಲ ಇನ್ನೂ ಮುಗಿದಿಲ್ಲಲ್ರಿ" ಎಂದ ಶೆಟ್ಟೆಪ್ಪ. "ನಡುವ ಮುರೀಬಾರದಂತ ಕಾಯಾಕತ್ತೇವ್ರಿ."

ಗುಳಿಗೆ ಬಿಡಿಸಿದ್ದು ತಾವೇ ಎಂಬುದು ಸತ್ಯಮೂರ್ತಿಯವರಿಗೆ ಆಗ ಹೊಳೆಯಿತು. ಆದರೆ ಭಾಷಣ ಸಿದ್ಧವಾಗಿತ್ತು. ಸಿದ್ಧವಾದ ಭಾಷಣಕ್ಕೆ ಬ್ರೇಕು ಇರುವುದಿಲ್ಲ. ಬಾಯಿ ತಾನೇ ತೆರೆದುಕೊಂಡು ಕರುವಿನ ವೃತ್ತಾಂತವನ್ನು ಘಾಟ್ಕೋಪರದ ಗಾಂಭೀರ್ಯದಲ್ಲೇ ಒಪ್ಪಿಸಿತು. ಬಾಟಲಿಯೊಳಗಿದ್ದದ್ದು ಇಂಥದ್ದು, ನಿಮ್ಮ ಮನೆತನದ ಆಚಾರ ಕೆಡಿಸಿದೆ, ಪ್ರಾಯಶ್ಚಿತ್ತಕ್ಕೆ ಮಠದ ಸ್ವಾಮಿಗಳನ್ನು ಕೇಳಿಕೊಳ್ಳುವುದಾದರೆ ಅದರ ವ್ಯವಸ್ಥೆ ನನ್ನದು.

ಶೆಟ್ಟೆಪ್ಪ ಕೊರಳ ಲಿಂಗವನ್ನು ಹಿಡಿದುಕೊಂಡು ಕಣ್ಣು ಮುಚ್ಚಿದ. ಬಸಲಿಂಗವ್ವ ಮುಚ್ಚಲಿಲ್ಲ.

"ಕರುವಿಂದರ ಇರಲಿ, ಕಲ್ಲಿಂದರ ಇರಲಿ, ಬಿಡ್ರಿ. ಶಿವಗ ನಾ ಉತ್ತರಾ ಕೊಡ್ತೀನಿ. ಈ ಕೂಸು ಯಾಕ ಏಳವಲ್ದು, ಅದನ್ನ ಹೇಳ್ರಿ."

ಸ್ನೇಹಲ್ ಈ ಕಡೆ ಹೊರಳಿ, ಒಣಗಿದ ತುಟಿಯಲ್ಲಿ, ದೂರು ಹೇಳುವ ಧಾಟಿಯೂ ಇಲ್ಲದೆ ಹೇಳಿದಳು. "ಅಜ್ಜಾ, ಕೀಡೆ ಜಾಗ್ ಗಯೇ. ಎದ್ದಾವ."

ಕೂಡಲೇ ರಿಕ್ಷಾ ತಂದು ಅವರೇ ಎಲ್ಲರನ್ನೂ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿನ ಡಾಕ್ಟರಮ್ಮ ಮರಾಠಿಯವರು. ಸ್ನೇಹಲ್‌ಳ ಬಾಯಿ ನೋಡಿ, ಎದೆ ಆಲಿಸಿ, ಕುರ್ಚಿಗೆ ಒರಗಿದರು. ವೈರಸ್ಸು ಮತ್ತೆ ಏರಿರುವುದು ಖಂಡಿತ, ರಕ್ತ ಪರೀಕ್ಷೆ ಆಗಬೇಕು, ವಾರ್ಡಿಗೆ ಸೇರಿಸಬೇಕು ಎಂದರು. ಗುಳಿಗೆ ಬಿಡಿಸಿದ್ದು ಯಾರು ಎಂದು ಕೇಳಿದರು. ಶೆಟ್ಟೆಪ್ಪ ನೆಲ ನೋಡಿದ. ಅವನ ಪಕ್ಕದಲ್ಲೇ, ಇಸ್ತ್ರಿ ಮಾಡಿದ ಅಂಗಿ ತೊಟ್ಟ ಸತ್ಯಮೂರ್ತಿಯವರು ಕುಳಿತಿದ್ದರು. ಊರಿನ ಕಡೆಯ ಹಿರಿಯರೊಬ್ಬರು ಹೇಳಿದರು, ನಾವೇ ತಿಳಿಯದೆ ಬಿಟ್ಟೆವು ಎಂದು ಶೆಟ್ಟೆಪ್ಪ ಕ್ಯಾಪ್ಸೂಲಿನ ಬಾಟಲಿಯನ್ನು ಮೇಜಿನ ಮೇಲಿಟ್ಟು ತನ್ನ ಮುರುಕು ಮರಾಠಿಯಲ್ಲಿ ಹೇಳಿದ. ಮನೆಗೆ ಬಂದ ದೊಡ್ಡವರ ಮಾನ ಕಳೆಯುವುದು ಅವನ ರೂಢಿಯಲ್ಲಿರಲಿಲ್ಲ.

ಡಾಕ್ಟರಮ್ಮ ಬಸಲಿಂಗವ್ವನನ್ನು ಚೆನ್ನಾಗಿ ಗದರಿದರು. ತಾಯಿ ಇಲ್ಲದ ಮಗು, ಅಜ್ಜಿಯಾಗಿ ನಿನಗೆ ಬುದ್ಧಿ ಬೇಡವೇ ಎಂದರು. ಬಸಲಿಂಗವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ಅದನ್ನೆಲ್ಲ ತನ್ನದೆಂದೇ ಕೇಳಿಸಿಕೊಂಡಳು. ಆಮೇಲೆ ಡಾಕ್ಟರಮ್ಮ ಸತ್ಯಮೂರ್ತಿಯವರ ಕಡೆ ತಿರುಗಿದರು. ಭಾಷೆ ಇಂಗ್ಲಿಷಿಗೆ ಬದಲಾಯಿತು, ದನಿ ಮೆತ್ತಗಾಯಿತು. ನೀವು ಓದಿದವರಂತೆ ಕಾಣುತ್ತೀರಿ, ನೀವಾದರೂ ಇವರಿಗೆ ತಿಳಿಸಿ ಹೇಳಿ ಎಂದು, ತಾವೇ ಬಿಡಿಸಿ ಹೇಳಿದರು. ಮಕ್ಕಳ ಎದೆಯಲ್ಲಿ ಥೈಮಸ್ ಎಂಬ ಗ್ರಂಥಿ ಚುರುಕಾಗಿರುತ್ತದೆ. ಈ ವೈರಸ್ಸು ಅದನ್ನೂ, ಅದು ತಯಾರು ಮಾಡಿದ ಕಾವಲಿನ ಕಣಗಳನ್ನೂ ಹಾಳು ಮಾಡುತ್ತದೆ. ಗುಳಿಗೆ ವೈರಸ್ಸನ್ನು ತಡೆದು ನಿಲ್ಲಿಸಿದರೆ ಗ್ರಂಥಿ ಮತ್ತೆ ತಾನೇ ಚೇತರಿಸಿಕೊಳ್ಳಬಲ್ಲದು. ಮಕ್ಕಳಿಗೆ ಇರುವ ದೊಡ್ಡ ಅನುಕೂಲ ಅದೇ. ಅದರ ಹಾರ್ಮೋನನ್ನು ಹೊರಗಿನಿಂದ ಕೊಡುವ ಪ್ರಯೋಗಗಳು ಹಿಂದೆ ನಡೆದಿದ್ದವು, ಗುಳಿಗೆಯ ಜಾಗವನ್ನು ಅವು ತುಂಬಲಿಲ್ಲ. ಅದರ ಸಾರವನ್ನು ಬಾಯಲ್ಲಿ ನುಂಗಿದರಂತೂ ಹೊಟ್ಟೆಗೆ ಅದೂ ಒಂದೇ, ತೊವ್ವೆಯೂ ಒಂದೇ. "ನಮ್ಮ ನಿಮ್ಮ ವಯಸ್ಸಿಗೆ ಆ ಗ್ರಂಥಿ ಬಹುಪಾಲು ಕೊಬ್ಬಾಗಿ ಹೋಗಿರುತ್ತೆ ಸರ್. ಕೆಲಸ ಮಾಡೋದು ಇವಳದು. ಅದನ್ನು ಉಳಿಸಿಕೊಳ್ಳಬೇಕು. ತಿಳೀತಲ್ಲ?"

"ಯೆಸ್ ಡಾಕ್ಟರ್" ಎಂದರು ಸತ್ಯಮೂರ್ತಿಯವರು.

ಅವರ ಆಯುಷ್ಯದಲ್ಲಿ ಅಷ್ಟು ಚಿಕ್ಕ ಭಾಷಣ ಇನ್ನೊಂದಿಲ್ಲ. ತಪ್ಪು ಒಪ್ಪಿಕೊಳ್ಳಲು ಎಂಥ ವಿಶಾಲವಾದ ಬಾಗಿಲು ತೆರೆದಿತ್ತು, ಸೇನಾಪತಿಗಳು ಅದಕ್ಕೆ ಒಳಗಿನಿಂದ ಚಿಲಕ ಹಾಕಿಕೊಂಡರು.

ಹುಡುಗಿಯನ್ನು ವಾರ್ಡಿಗೆ ಕರೆದೊಯ್ದರು. ಹೊರಗಿನ ಬೆಂಚಿನ ಮೇಲೆ ಬಸಲಿಂಗವ್ವ, ಬೈಸಿಕೊಂಡದ್ದು ಬಿಟ್ಟು, ಚೀಲದಿಂದ ಸ್ಟೀಲ್ ಡಬ್ಬಿ ತೆಗೆದು, "ನೀವು ಮುಂಜಾನಿಂದ ಏನೂ ತಿಂದಿಲ್ಲ, ಒಂದ ತುತ್ತು ತಿನ್ರಿ" ಎಂದು ಅರ್ಧ ರೊಟ್ಟಿ ಮುರಿದು ಕೊಟ್ಟಳು. ಸತ್ಯಮೂರ್ತಿಯವರು ಅದನ್ನು ಬಾಯಿಗೆ ಇಡಲಿಲ್ಲ. ಹಿಡಿದುಕೊಂಡೇ ಎದ್ದು, ಡಾಕ್ಟರಮ್ಮನ ಬಾಗಿಲಿನ ಸಾಲಿಗೆ ಹೋಗಿ ನಿಂತರು.

ಉದ್ದದ ಸಾಲು. ತಾಲೀಮು ಮಾಡಲು ಬೇಕಾದಷ್ಟು ಸಮಯವಿತ್ತು. ಆದರೆ ಒಂದು ವಾಕ್ಯವೂ ನೆಟ್ಟಗೆ ನಿಲ್ಲಲಿಲ್ಲ. ಸರದಿ ಬಂದಾಗ ಅವರು ಒಳಗೆ ಹೋಗಿ, ರೊಟ್ಟಿಯ ಕೈಯನ್ನು ಬೆನ್ನ ಹಿಂದೆ ಮರೆಮಾಡಿ, ಹೇಳಿದರು.

"ಗುಳಿಗೆ ಬಿಡಿಸಿದ್ದು ನಾನು ಡಾಕ್ಟರ್. ಆ ಹೆಂಗಸಿನ ತಪ್ಪೇನೂ ಇಲ್ಲ."

ಡಾಕ್ಟರಮ್ಮ ತಲೆಯೆತ್ತಿ ನೋಡಿದರು. ಆಶ್ಚರ್ಯವೂ ಇಲ್ಲ, ಕೋಪವೂ ಇಲ್ಲ. ಅಂಥವರನ್ನು ಅವರು ಬಹಳ ಮಂದಿ ನೋಡಿದ್ದರು. "ಹಾಗಾದ್ರೆ ಅದನ್ನ ನನ್ನ ಹತ್ರ ಅಲ್ಲ, ಆಕೆ ಹತ್ರ ಹೋಗಿ ಹೇಳಿ. ಮಗು ಇನ್ನು ಒಂದು ಗುಳಿಗೆನೂ ತಪ್ಪಿಸಬಾರದು" ಎಂದು, ಮುಂದಿನವರನ್ನು ಒಳಗೆ ಕರೆಯಲು ಗಂಟೆ ಒತ್ತಿದರು.

ಹೊರಗೆ ಬಂದು ಅವರು ಬಸಲಿಂಗವ್ವನಿಗೆ ಹೇಳಿದರು. ಏನು ಹೇಳಿದರೆಂಬುದು ಅವರಿಗೇ ಸರಿಯಾಗಿ ನೆನಪಿಲ್ಲ. ಅವಳು ಕೇಳಿ, "ಹೂಂ" ಎಂದಳು. ಅಷ್ಟೇ. ಆ ಹೂಂಕಾರ ಸಾಂತಾಕ್ರೂಜಿನವರೆಗೂ ಅವರ ಜೊತೆಗೆ ಟ್ರೇನಿನಲ್ಲಿ ಬಂತು.

ಸಂಘದ ಬಹಳ ಜನ ಅವರ ಮಾತು ನಂಬಿ ಆ ಕ್ಯಾಪ್ಸೂಲ್ ತರಿಸಿದ್ದರು. ನಿಲ್ಲಿಸಿ ಎಂದು ಹೇಳಲೇಬೇಕಿತ್ತು. ಮರುಭಾನುವಾರ ಉದ್ಯಾನದಲ್ಲಿ ಸೇನೆಯನ್ನು ನಿಲ್ಲಿಸಿಕೊಂಡು, ಅದು ಕರುವಿನದು, ಅದರಿಂದ ಉಪಯೋಗವೂ ಇಲ್ಲ, ಎದೆ ಗುದ್ದುವುದರಿಂದಲೂ ಇಲ್ಲ, ನಾನು ಅರ್ಧ ಓದಿ ಹೇಳಿದೆ ಎಂದರು. ಉಪಯೋಗವಿಲ್ಲ ಎಂಬುದು ಯಾರ ಕಿವಿಗೂ ಬೀಳಲಿಲ್ಲ. ಕರು ಎಂಬುದು ಬಿತ್ತು. ಕೆಲವರು ಅಲ್ಲೇ ಉಗುಳಿದರು. ಹಾಲು ಬಿಟ್ಟವರು, ಹಾಗಲಕಾಯಿ ಹಿಡಿದವರು, ಎಲ್ಲರ ಹಳೆಯ ಸಿಟ್ಟೂ ಒಂದಾಯಿತು. ಬಿರುದು ರದ್ದಾಯಿತು. ಅವರ ತಲೆಯ ಅಳತೆಗೆ ಹೊಲಿಸಿದ್ದ ಪೇಟ ಹೋಟೆಲು ಮಾಲೀಕರೊಬ್ಬರ ಪಾಲಾಗಿ, ಸನ್ಮಾನದುದ್ದಕ್ಕೂ ಅವರ ಹುಬ್ಬಿನ ಮೇಲೆ ಜಾರುತ್ತಿತ್ತು.

ಧರ್ಮಣ್ಣನವರು ಮಾತ್ರ ಆವತ್ತು ಪಕ್ಕಕ್ಕೆ ಕರೆದು, ಇದರಿಂದ ಯಾರಿಗಾದರೂ ತೊಂದರೆ ಆಯಿತೇ ಎಂದು ಕೇಳಿದ್ದರು. ಸತ್ಯಮೂರ್ತಿಯವರು ಬಾಯಿ ತೆರೆದರು. ಹೇಳಿದರೆ ಮನಸ್ಸು ಹಗುರಾಗುತ್ತಿತ್ತು; ಹೇಳಿದರೆ ಹುಡುಗಿಯ ಗುಟ್ಟು ಸಾಂತಾಕ್ರೂಜಿನಿಂದ ಭಾಂಡುಪಿನವರೆಗೆ ಹರಡುತ್ತಿತ್ತು. "ಹಾಗೇನಿಲ್ಲ" ಎಂದು ಬಾಯಿ ಮುಚ್ಚಿದರು. ಅಲ್ಲಿಂದಾಚೆಗೆ ಅವರನ್ನು ಕಂಡರೆ ಜನ ಕರು ತಿನ್ನಿಸಿದವರು ಎಂದು ಮುಖ ತಿರುಗಿಸುತ್ತಾರೆ. ಅವರು ತಲೆ ತಗ್ಗಿಸಿ ಹೋಗುತ್ತಾರೆ. ಮಾಡದ ತಪ್ಪಿಗೆ ಶಿಕ್ಷೆ ಅನುಭವಿಸುವವರು ಲೋಕದಲ್ಲಿ ಬೇಕಾದಷ್ಟಿದ್ದಾರೆ. ಇವರದು ವಿಚಿತ್ರ: ತಪ್ಪೂ ಇವರದೇ, ಶಿಕ್ಷೆಯೂ ಇವರದೇ, ಒಂದಕ್ಕೊಂದು ಪರಿಚಯವಿಲ್ಲ.

ಬೇಸಿಗೆಯ ಹೊತ್ತಿಗೆ ಸ್ನೇಹಲ್‌ಳ ರಕ್ತದಲ್ಲಿ ವೈರಸ್ಸು ಮತ್ತೆ ಅಡಗಿತು, ಕಾವಲಿನ ಕಣಗಳು ಏರತೊಡಗಿದವು. ಸುದ್ದಿ ಹೇಳಲು ಶೆಟ್ಟೆಪ್ಪ ಹೆಂಡತಿ, ಮೊಮ್ಮಗಳ ಸಮೇತ ಶೇಂಗಾ ಹೋಳಿಗೆ ಕಟ್ಟಿಕೊಂಡು ಸಾಂತಾಕ್ರೂಜಿಗೆ ಬಂದ. ಸುಬ್ಬಲಕ್ಷ್ಮಿಯವರ ಎದುರು ಹುಡುಗಿಗೆ ಕೆಟ್ಟ ಜ್ವರ ಬಂದಿತ್ತೆಂದಷ್ಟೇ ಹೇಳಿ, ಸಾಹೇಬರೇ ರಿಕ್ಷಾ ತಂದು ದವಾಖಾನೆಗೆ ಒಯ್ದರು, ಅವರಿಂದಲೇ ಕೂಸು ಉಳಿಯಿತು ಎಂದು ಹೊಗಳತೊಡಗಿದ. ಅವನು ಮನಸಾರೆ ಹೇಳುತ್ತಿದ್ದ, ಅದೇ ತೊಂದರೆ. ಬಸಲಿಂಗವ್ವ ಕಿಟಕಿಯಾಚೆ ನೋಡುತ್ತಿದ್ದಳು. ಸತ್ಯಮೂರ್ತಿಯವರು ಎದ್ದು ನಿಂತರು, ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಅಲ್ಲೇ ನಿಂತರು.

"ಅಜ್ಜಾರ ಕಾಲಿಗೆ ಬೀಳವ್ವಾ" ಎಂದ ಶೆಟ್ಟೆಪ್ಪ.

ಸ್ನೇಹಲ್ ಅವರ ಕಾಲನ್ನು ನೋಡಿದಳು. ಮುಖವನ್ನೂ ನೋಡಿದಳು. ಬಾಗಲಿಲ್ಲ. ಶೆಟ್ಟೆಪ್ಪ ನಾಚಿಕೆಯಿಂದ ಇನ್ನೊಮ್ಮೆ ಗದರಲು ಹೊರಟಾಗ ಸತ್ಯಮೂರ್ತಿಯವರು ಅವನ ತೋಳು ಹಿಡಿದರು.

"ಬೇಡ ಶೆಟ್ಟೆಪ್ಪ. ಅವಳು ಸರಿಯಾಗೇ ಇದ್ದಾಳೆ."

ಹುಡುಗಿ ಹೋಗಿ, ಅವರು ಆಗಷ್ಟೇ ಬಿಟ್ಟೆದ್ದ ಕುರ್ಚಿಯಲ್ಲಿ ಕುಳಿತು, ಎರಡು ಕಾಲನ್ನೂ ಮೇಲೆ ಮಡಚಿಕೊಂಡಳು. ಸುಬ್ಬಲಕ್ಷ್ಮಿಯವರು ಒಳಗಿನಿಂದ ಇನ್ನೊಂದು ಕುರ್ಚಿ ತರುತ್ತೇನೆಂದರು. ಬೇಡವೆಂದರು ಸತ್ಯಮೂರ್ತಿಯವರು. ಅವರೆಲ್ಲ ಕಾಫಿ ಕುಡಿದು ಹೊರಡುವವರೆಗೂ, ಸ್ವಂತ ಮನೆಯಲ್ಲಿ, ಗೋಡೆಗೆ ಒರಗದೆ ನಿಂತೇ ಇದ್ದರು.